ಕರೆಂಟನ್ನು ಅಣಕಿಸುವ ರೆಸಿಸ್ಟರು

ಮೊನ್ನೆ ದೊಡ್ಡಉಳ್ಳಾರ್ತಿಯ ಕುರಿ ಸಾಕುವ ಹಿರಿಯರೊಬ್ಬರು ಕೆಟ್ಟುಹೋದ ಮೊಬೈಲ್ ಚಾರ್ಜರ್ ಹಿಡಿದುಕೊಂಡು ನನ್ನ ಅಂಗಡಿಗೆ ಬಂದರು. ಅಂಗಡಿ ಎಂದರೆ ತೀರಾ ದೊಡ್ಡದಾಗಿ ಕಲ್ಪಿಸಿಕೊಳ್ಳಬೇಡಿ. ಚಳ್ಳಕೆರೆ ಬಸ್ ಸ್ಟ್ಯಾಂಡಿನ ಹತ್ತಿರ, ಬೇಕರಿಗೂ ಚಪ್ಪಲಿ ಅಂಗಡಿಗೂ ನಡುವೆ ಉಳಿದ ಸಂದಿನಲ್ಲಿ ಒಂದು ಮೇಜು, ಒಂದು ಸ್ಟೂಲು, ಸ್ಟೂಲಿನ ಮೇಲೆ ನಾನು. ಸ್ಕ್ರೂ ತಿರುಗಿಸಿ ಚಾರ್ಜರಿನ ಮುಚ್ಚಳ ತೆಗೆದ ಕೂಡಲೇ ಸುಟ್ಟ ವಾಸನೆ ಮೂಗಿಗೆ ಹೊಡೆಯಿತು. ಟ್ರಾನ್ಸಿಸ್ಟರ್ ಸಿಡಿದಾಗ ಬರುವ ವಾಸನೆ ಅದು. ಒಮ್ಮೆ ಮೂಗಿಗೆ ಹತ್ತಿದರೆ ಆಮೇಲೆ ಮೊಳ ಮಲ್ಲಿಗೆ ತಂದಿಟ್ಟರೂ ಹೋಗುವುದಿಲ್ಲ. ಒಳಗೆ ಇಣುಕಿದೆ. ಅಕ್ಕಿಕಾಳಿನಂಥ ಒಂದು ರೆಸಿಸ್ಟರ್ ಇರಬೇಕಾದ ಜಾಗದಲ್ಲಿ ಯಾರೋ ಪುಣ್ಯಾತ್ಮರು ಒಂದೆಳೆ ತಂತಿ ಇಟ್ಟು ಸೋಲ್ಡರ್ ಮಾಡಿದ್ದರು.

ನಾನು ಬಾಯಿ ತೆರೆದೆ. ಹೊರಗೆ ಬಂದದ್ದು ನನ್ನ ದನಿಯಲ್ಲ.

“ಹ್ಞಾ... ಕಂಡಕ್ಟರ್‌ನ ಕೆಳಗಿಳಿಸಿಬಿಟ್ಟಿದಾರಲ್ಲೋ ಅಬ್ಬಾಯಿ!”

ಹಿರಿಯರು ಹಿಂದೆ ತಿರುಗಿ ನೋಡಿದರು, ಬೇರೆ ಯಾರಾದರೂ ಬಂದರೇನೋ ಎಂದು. ಯಾರೂ ಇರಲಿಲ್ಲ... ಆ ದನಿಯವರು ಹೋಗಿ ವರ್ಷಗಳಾದವು.

ಅವರು ನಮಗೆ ಟಿವಿ ರಿಪೇರಿ ಕಲಿಸಿದ ಮೇಷ್ಟ್ರು. ಪಿಯುಸಿ ನನ್ನನ್ನೂ ನಾನು ಪಿಯುಸಿಯನ್ನೂ ಪರಸ್ಪರ ಒಪ್ಪಿಗೆಯಿಂದ ಬಿಟ್ಟ ವರ್ಷ, ಬಿ.ಜಿ. ಕೆರೆಯಿಂದ ದಿನಾ ಬಸ್ ಹತ್ತಿ ಚಳ್ಳಕೆರೆಯ ಅವರ ಕ್ಲಾಸಿಗೆ ಹೋಗತೊಡಗಿದೆ. ಮನೆಮನೆಗೂ ಕಲರ್ ಟಿವಿ ಬರುತ್ತಿದ್ದ ಕಾಲ. ಟಿವಿ ರಿಪೇರಿ ಕಲಿತವನಿಗೆ ಬೇಗ ಹೆಣ್ಣು ಕೊಡುತ್ತಾರೆ ಎಂಬ ಸುದ್ದಿಯೂ ಇತ್ತು. ಸುದ್ದಿ ಸುಳ್ಳು, ನನ್ನನ್ನು ನಾನೇ ನೋಡಿಕೊಂಡು ಹೇಳುತ್ತಿದ್ದೇನೆ. ಕ್ಲಾಸು ನಡೆಯುತ್ತಿದ್ದದ್ದು ಶೇಂಗಾ ಎಣ್ಣೆ ಮಿಲ್ಲೊಂದರ ಹಿಂದಿನ ಕಟ್ಟಡದ ಮಹಡಿಯಲ್ಲಿ. ಕೆಳಗೆ ಹಿಂಡಿ ಚೀಲಗಳ ರಾಶಿ, ಕಡಿದಾದ ಮೆಟ್ಟಿಲು ಹತ್ತಿದರೆ ಮೇಲೆ ನಾವು. ನಾವು ಕಲಿತ ಎಲೆಕ್ಟ್ರಾನಿಕ್ಸಿಗೆಲ್ಲ ಹಿಂಡಿಯ ವಾಸನೆ. ಸಂಜೆ ಮನೆಗೆ ಹೋದರೆ ನಮ್ಮ ಎಮ್ಮೆ ನನ್ನ ಅಂಗಿ ನೆಕ್ಕಲು ಬರುತ್ತಿತ್ತು. ನನ್ನ ವಿದ್ಯೆಗೆ ಆ ಕಾಲದಲ್ಲಿ ಸಿಕ್ಕ ಗೌರವ ಅದೊಂದೇ.

ಮೇಷ್ಟ್ರು ಮೊಳಕಾಲ್ಮೂರಿನವರು. ನಾನು ಹತ್ತುವ ಬಸ್ಸಿನಲ್ಲೇ ಮೊದಲೇ ಬಂದು ಕಿಟಕಿ ಪಕ್ಕ ಕೂತಿರುತ್ತಿದ್ದರು. ಮಾತನ್ನು ಕನ್ನಡದಲ್ಲಿ ಶುರು ಮಾಡಿ ತೆಲುಗಿನಲ್ಲಿ ಮುಗಿಸುವರು, ಹುಡುಗರೆಲ್ಲ ಅವರಿಗೆ ‘ಅಬ್ಬಾಯಿ’. ಸಿಟ್ಟು ಬಂದರೆ ಶುರುವೂ ತೆಲುಗಿನಲ್ಲೇ. ಗರಿಗರಿ ಇಸ್ತ್ರಿಯ ಬಿಳಿ ಅಂಗಿ, ಅದರ ಜೇಬಿನಲ್ಲಿ ಒಂದು ಟೆಸ್ಟರು, ಟೆಸ್ಟರಿನ ಪಕ್ಕದಲ್ಲಿ ಒಂದು ಮಾತ್ರೆ ಪಟ್ಟಿ. ಜಂಬದ ಮನುಷ್ಯ. ಅವರು ರಿಪೇರಿ ಮಾಡಿದ ಟಿವಿ ಮತ್ತೆ ಕೆಟ್ಟರೆ ತಪ್ಪು ಟಿವಿಯದ್ದು, ಇಲ್ಲವೇ ಕೆಇಬಿಯದ್ದು, ಇಲ್ಲವೇ ಆ ಟಿವಿಯಲ್ಲಿ ಬರುವ ಧಾರಾವಾಹಿಯದ್ದು. ಏನು ಕೇಳಿದರೂ ಕೂಡಲೇ ಉತ್ತರ ಹೇಳುತ್ತಿರಲಿಲ್ಲ. ಎಡಗೈ ಬೆರಳುಗಳಿಂದ ಮೇಜನ್ನು ಕುಟ್ಟುವರು, “ಹ್ಞಾ...” ಎಂದು ಎಳೆಯುವರು, ಚಾವಣಿ ನೋಡುವರು, ಆಮೇಲೆ ಉತ್ತರ. ಟೈಮೆಷ್ಟು ಸಾರ್ ಎಂದು ಕೇಳಿದರೂ ಇಷ್ಟೂ ಆಗಲೇಬೇಕು.

ಇಂಥವರು ಸಿಕ್ಕರೆ ನನ್ನಂಥವನು ಬಿಡುವುದುಂಟೇ? ಕಾವಲಿನಲ್ಲಿ ಮೇಯಲು ಹೋದ ಕುರಿಯ ಮೈಗೆ ಮುಳ್ಳುಬೀಜ ಅಂಟಿಕೊಳ್ಳುವ ಹಾಗೆ ನನಗೆ ಕಂಡವರ ದನಿಯೆಲ್ಲ ಅಂಟಿಕೊಳ್ಳುತ್ತದೆ. ನನ್ನದೇ ದನಿಯನ್ನೂ ನಾನು ಅಣಕಿಸುತ್ತಿದ್ದೆ; ಅದಂತೂ ಸುಲಭ, ಹೊಸದಾಗಿ ಹುಟ್ಟಿದ ಮೇಕೆಮರಿಗೆ ನೆಗಡಿಯಾದರೆ ಸಾಕು. ಕ್ಲಾಸಿಗೆ ಸೇರಿದ ವಾರದೊಳಗೇ ಮೇಷ್ಟ್ರ ಕುರ್ಚಿಯ ಹತ್ತಿರ ನಿಂತು ಮೇಜು ಕುಟ್ಟಿ ‘ಹ್ಞಾ...’ ಎಳೆಯತೊಡಗಿದ್ದೆ. ಒಂದು ದಿನ ನಗುತ್ತಿದ್ದ ಹುಡುಗರೆಲ್ಲ ಒಮ್ಮೆಲೇ ಸುಮ್ಮನಾದರು. ನನ್ನ ಬೆನ್ನ ಹಿಂದೆ ಯಾರಿದ್ದಾರೆಂದು ತಿಳಿಯಲು ತಿರುಗಿ ನೋಡುವ ಅಗತ್ಯವೇ ಇರಲಿಲ್ಲ.

“ನಿಲ್ಲಿಸಬ್ಯಾಡ. ಮೊದಲಿಂದ ಮಾಡು,” ಎಂದರು.

ಮಾಡಿದೆ. ದನಿ ಅವರದೇ ಬಂತು. ಅವರು ತಲೆ ಓರೆ ಮಾಡಿ ಕೇಳಿದರು, ಕೆಟ್ಟ ಸ್ಪೀಕರಿಗೆ ಕಿವಿಗೊಟ್ಟ ಹಾಗೆ.

“ಹ್ಞಾ ಉದ್ದ ಆತು. ನಂದು ಅಷ್ಟುದ್ದ ಇಲ್ಲ. ಇದ್ದಷ್ಟು ಮಾಡ್ಬೇಕು ಕಣಲೇ. ಜಾಸ್ತಿ ಮಾಡಿದ್ರೆ ಕುಚೇಷ್ಟೆ, ಕಮ್ಮಿ ಮಾಡಿದ್ರೆ ಬೆಣ್ಣೆ ಹಚ್ಚೋದು.”

ಅಷ್ಟೇ. ಪಾಠ ಶುರು ಮಾಡಿದರು. ಬೈದಿದ್ದರೆ ಮರೆತುಬಿಡುತ್ತಿದ್ದೆನೇನೋ...

ಆ ರೆಸಿಸ್ಟರಿನ ಪಾಠ ನಡೆದದ್ದು ಆಮೇಲೆ ಯಾವಾಗಲೋ. ಕಲರ್ ಟಿವಿಯ ಪವರ್ ಸಪ್ಲೈ ಒಳಗೆ ಒಂದು ಟ್ರಾನ್ಸಿಸ್ಟರು ಸ್ವಿಚ್ಚಿನ ಕೆಲಸ ಮಾಡುತ್ತದೆ. ಸೆಕೆಂಡಿಗೆ ಸಾವಿರಾರು ಸಲ ಆನ್ ಆಗುತ್ತ, ಆಫ್ ಆಗುತ್ತ, ಬೇಕಾದಷ್ಟೇ ಕರೆಂಟನ್ನು ಒಳಗೆ ಬಿಡುತ್ತದೆ. ಊರಿನ ವೋಲ್ಟೇಜು ಏರಲಿ, ಇಳಿಯಲಿ, ಟಿವಿಗೆ ಸಿಗುವ ವೋಲ್ಟೇಜು ಒಂದೇ ಸಮ ಇರುವುದು ಹೀಗೆ. ಆ ಟ್ರಾನ್ಸಿಸ್ಟರಿನ ಕಾಲಿಗೆ ಒಂದು ಪುಟ್ಟ ರೆಸಿಸ್ಟರು ಕಟ್ಟಿರುತ್ತಾರೆ. ಅದು ಒಡ್ಡುವ ತಡೆ ಒಂದು ಓಮ್ ಕೂಡ ಇರುವುದಿಲ್ಲ. ಅದಕ್ಕೆ ಮೀಟರ್ ಕಡ್ಡಿ ಮುಟ್ಟಿಸಿದರೆ ‘ಪೀಂ’ ಎನ್ನುತ್ತದೆ. ಬರೀ ತಂತಿಗೆ ಮುಟ್ಟಿಸಿದರೂ ಅದೇ ‘ಪೀಂ’.

“ಇದ್ದೂ ಇಲ್ಲದಂಗೈತಲ್ಲ ಸಾರ್, ಇದ್ಯಾಕೆ ಬೇಕು?” ಎಂದ ತಳಕಿನ ಹುಡುಗ. ಅವನು ನಮ್ಮ ಕ್ಲಾಸಿನ ಆತುರಗಾರ. ಸ್ಕ್ರೂ ಬಿಚ್ಚುವ ಮೊದಲೇ ಮುಚ್ಚಳ ಎಳೆಯುವವನು.

ಮೇಷ್ಟ್ರು ಮೇಜು ಕುಟ್ಟಿದರು. “ಹ್ಞಾ... ನಮ್ಮ ಬಸ್ಸಿನ ಕಂಡಕ್ಟರ್ ಬಾಗಿಲ ಹತ್ರ ನಿಂತಿರ್ತಾನಲ್ಲ, ಯಾಕೆ? ಜನರನ್ನ ತಡಿಯಾಕಾ? ತಡದ್ರೆ ಅವನ ಹೊಟ್ಟೆ ತುಂಬೋದೆಂಗೆ! ಹತ್ತೋರೆಲ್ಲ ಅವನ ಹೊಟ್ಟೆ ಉಜ್ಜಿಕೊಂಡೇ ಒಳಗೆ ಹೋಗ್ಬೇಕು. ಎಷ್ಟು ಒತ್ತುತ್ತೋ ಅದರ ಮ್ಯಾಲೆ ಅವನಿಗೆ ಒಳಗೆಷ್ಟು ಮಂದಿ ಅಂತ ಗೊತ್ತಾಗ್ತೈತೆ. ಸಾಕು ಅನ್ನಿಸ್ತಾ, ಸೀಟಿ ಊದ್ತಾನೆ. ಡ್ರೈವರ್ ಬಿಡ್ತಾನೆ. ಮುಂದಿನ ಟ್ರಿಪ್ಪಿಗೆ ಮತ್ತೆ ಹಂಗೇ.”

ಆ ರೆಸಿಸ್ಟರ್ ಕಂಡಕ್ಟರನ ಹೊಟ್ಟೆ. ಕರೆಂಟು ಅದನ್ನು ಉಜ್ಜಿಕೊಂಡು ಹೋಗುವಾಗ ಅದರ ಎರಡು ತುದಿಗಳ ನಡುವೆ ಚೂರು ವೋಲ್ಟೇಜು ಹುಟ್ಟುತ್ತದೆ. ಕರೆಂಟು ಹೆಚ್ಚಾದಷ್ಟೂ ಅದೂ ಹೆಚ್ಚು. ಪಕ್ಕದಲ್ಲಿ ಕೂತ ಐಸಿ ಎಂಬ ಚಿಪ್ಪು ಅದನ್ನೇ ನೋಡುತ್ತಿದ್ದು, ಮಿತಿ ಮುಟ್ಟಿದ ಕೂಡಲೇ ಟ್ರಾನ್ಸಿಸ್ಟರನ್ನು ಆಫ್ ಮಾಡುತ್ತದೆ. ಹೊಟ್ಟೆ ದೊಡ್ಡದಾದರೆ ಯಾರಿಗೂ ಹತ್ತಲಾಗುವುದಿಲ್ಲ, ಬರೀ ಬಿಸಿ. ಹೊಟ್ಟೆಯೇ ಇಲ್ಲದಿದ್ದರೆ ಎಷ್ಟು ಜನ ಹತ್ತಿದರೆಂದು ಯಾರಿಗೂ ತಿಳಿಯುವುದಿಲ್ಲ. ನಾನು ಎದ್ದು ನಿಂತು ನಮ್ಮ ಬಸ್ಸಿನ ಕಂಡಕ್ಟರನ ಹಾಗೆ ಹೊಟ್ಟೆ ಮುಂದೂಡಿ, “ಒಳಗೆ ಹೋಗ್ರೀ, ಒಳಗೆ ಖಾಲಿ ಐತೆ, ಮದುವೆ ಮಾಡಬಹುದು,” ಎಂದೆ. ಕ್ಲಾಸು ಬಿದ್ದು ಬಿದ್ದು ನಕ್ಕಿತು. ಮೇಷ್ಟ್ರು ನನ್ನ ಕಡೆ ಬೆರಳು ತೋರಿಸಿದರು.

“ನೋಡ್ರಲೇ, ಆ ರೆಸಿಸ್ಟರ್ ಇವನ ಜಾತಿ. ದೊಡ್ಡ ಕರೆಂಟನ್ನ ಸಣ್ಣ ದನೀಲಿ ಅಣಕ ಮಾಡಿ ತೋರಿಸ್ತೈತೆ. ಅದರದ್ದೇ ಅಂತ ಒಂದು ಮಾತೂ ಇಲ್ಲ. ಆದ್ರೆ ಆ ಅಣಕ ಸುಳ್ಳಾತೋ, ಇಡೀ ಸೆಟ್ ಹೋತು.”

ಅವತ್ತು ನಾನು ಅದನ್ನು ಹೊಗಳಿಕೆ ಎಂದುಕೊಂಡು ಬಸ್ಸಿನಲ್ಲಿ ಎದೆಯುಬ್ಬಿಸಿಕೊಂಡು ಹೋದೆ. ಓಮ್ ಲೆಕ್ಕದಲ್ಲಿ ನನ್ನ ಬೆಲೆ ಎಷ್ಟು ಕಡಿಮೆ ಎಂದು ಹೊಳೆದದ್ದು ರಾತ್ರಿ ಊಟಕ್ಕೆ ಕೂತಾಗ.

ತಳಕಿನ ಹುಡುಗನಿಗೆ ಮಾತ್ರ ನಂಬಿಕೆ ಬರಲಿಲ್ಲ. ಚಳ್ಳಕೆರೆಯ ಮಿಲ್ಲುಗಳ ಮೋಟರು ಶುರುವಾದರೆ ಸುತ್ತಲಿನ ಮನೆಗಳ ಬಲ್ಬು ಕೆಂಪಗಾಗುತ್ತಿದ್ದವು. ವೋಲ್ಟೇಜು ಇಳಿದಾಗ ಅದೇ ಚಿತ್ರ, ಅದೇ ಸದ್ದು ಕೊಡಲು ಟಿವಿ ಹೆಚ್ಚು ಕರೆಂಟು ಎಳೆಯಬೇಕು. ರೆಸಿಸ್ಟರು ಹಳತಾಗಿ ಅದರ ಓಮು ಏರಿದ್ದರಂತೂ ಬಸ್ಸು ತುಂಬುವ ಮೊದಲೇ ಸೀಟಿ ಊದುತ್ತದೆ. ಟಿವಿ ಟಿಕ್ ಟಿಕ್ ಎಂದು ಆರಿಹೋಗುತ್ತದೆ. ನಮ್ಮ ಕ್ಲಾಸಿನ ಹಳೇ ಸೆಟ್ಟಿಗೆ ಇದೇ ರೋಗವಿತ್ತು. ತಳಕಿನ ಹುಡುಗ ಆ ರೆಸಿಸ್ಟರನ್ನು ಕಿತ್ತು, ತಂತಿ ಹಾಕಿ, ‘ಎರಡಕ್ಕೂ ಪೀಂ ಒಂದೇ’ ಎಂದು ಮೀಸೆ ಇಲ್ಲದ ಜಾಗವನ್ನು ತಿರುವಿದ. ಸುತ್ತಮುತ್ತಲಿನ ಎಷ್ಟೋ ಮೆಕ್ಯಾನಿಕ್ಕರು ಮಾಡುತ್ತಿದ್ದದ್ದೂ ಅದನ್ನೇ. ಟಿವಿ ಭರ್ಜರಿಯಾಗಿ ಶುರುವಾಯಿತು. ಮೇಷ್ಟ್ರು ಬಂದರು, ನೋಡಿದರು. ನಮ್ಮನ್ನೆಲ್ಲ ಒಂದಿಷ್ಟು ಹಿಂದಕ್ಕೆ ಕೂರಿಸಿ ತಾವೂ ಕೂತು ನೋಡತೊಡಗಿದರು. ಆ ಶಾಂತಿಯೇ ನಮಗೆ ಹೆದರಿಕೆ ಹುಟ್ಟಿಸಿತು. ಕೆಳಗೆ ಮಿಲ್ಲು ಶುರುವಾಯಿತು. ಬಲ್ಬು ಕೆಂಪಗಾಯಿತು. ಟಿವಿಯೊಳಗೆ ‘ಢಬ್’ ಎಂದು ಸದ್ದಾಗಿ ಹೊಗೆ ಎದ್ದಿತು. ತಳಕಿನ ಹುಡುಗ ಬೆಂಚಿನ ಕೆಳಗೆ. ಅವನ ಮೇಲೆ ನಾನು.

“ಕಂಡಕ್ಟರ್‌ನ ಇಳಿಸಿದ್ರೆ ಬಸ್ಸು ಓಡಲ್ಲ ಅಂತಲ್ಲ,” ಎಂದರು ಮೇಷ್ಟ್ರು, ಕೈಯಲ್ಲಿ ಹೊಗೆ ಬೀಸಿಕೊಳ್ಳುತ್ತಾ. “ಚೆನ್ನಾಗೇ ಓಡ್ತೈತೆ. ಪಲ್ಟಿ ಹೊಡಿಯೋತನಕ.”

ಮೆಟ್ಟಿಲ ಮಾತು ಹೇಳಬೇಕು. ಆ ಕಡಿದಾದ ಮೆಟ್ಟಿಲುಗಳನ್ನು ಮೇಷ್ಟ್ರು ಒಂದೇ ದಮ್ಮಿಗೆ ಹತ್ತುತ್ತಿರಲಿಲ್ಲ. ನಡುವೆ ಗೋಡೆಯ ಮೇಲೆ ಕರೆಂಟಿನ ಮೀಟರಿತ್ತು. ಅಲ್ಲಿ ನಿಂತು, “ಇದ್ಯಾಕೋ ಜೋರಾಗಿ ತಿರುಗ್ತೈತಲ್ಲಾ,” ಎಂದು ಅದನ್ನೇ ನೋಡುವರು. ನೋಡುತ್ತಾ ಬಲಗೈಯಿಂದ ಎಡತೋಳನ್ನು ಭುಜದಿಂದ ಮೊಣಕೈವರೆಗೆ ಉಜ್ಜಿಕೊಳ್ಳುವರು. ಆಮೇಲೆ ಜೇಬಿನ ಪಟ್ಟಿಯಿಂದ ಒಂದು ನೋವಿನ ಮಾತ್ರೆ, ನೀರಿಲ್ಲದೆ. “ಗ್ಯಾಸು ಕಣ್ರಯ್ಯಾ.” ಆ ಮೀಟರು ಎಲ್ಲಾ ಮೀಟರಿನ ಹಾಗೇ ತಿರುಗುತ್ತಿತ್ತು... ನಮಗೂ ಗೊತ್ತಿತ್ತು.

ಒಂದು ಬೆಳಿಗ್ಗೆ ಬಸ್ಸಿನಲ್ಲಿ ಕೇಳಿಯೇಬಿಟ್ಟೆ, “ದೊಡ್ಡಾಸ್ಪತ್ರೆಗೆ ತೋರಿಸಬಾರದಾ ಸಾರ್?” ಮುಂದಿನ ಸೀಟಿನ ಕಂಬಿಯನ್ನು ಬೆರಳಿನಿಂದ ಕುಟ್ಟಿದರು.

“ಹ್ಞಾ... ಅಲ್ಲಿಗೆ ಹೋದ್ರೆ ಮೊದ್ಲು ಹೇಳೋದೇನು? ದಿನಾ ಬಸ್ ಬ್ಯಾಡ, ಮೆಟ್ಲು ಬ್ಯಾಡ. ಎರಡೂ ಬಿಟ್ರೆ ಕ್ಲಾಸೆಲ್ಲಿ ಉಳೀತು? ಕ್ಲಾಸ್ ನಿಂತ್ರೆ ನಾನು ಮನೇಲಿ ಕೆಟ್ಟ ಟಿವಿ ಕಣೋ. ಮ್ಯಾಲೊಂದು ಬಟ್ಟೆ ಹೊದಿಸಿ ಹೂದಾನಿ ಇಡ್ತಾರೆ.” ಜೇಬಿನ ಮಾತ್ರೆ ಪಟ್ಟಿಯನ್ನು ಒಳಕ್ಕೆ ತಳ್ಳಿ, “ಮನೇಲಿ ಈ ಸುದ್ದಿ ಇಲ್ಲ. ನಿನ್ನ ಬಾಯಿ ನಿನ್ನತ್ರ ಇರ್ಲಿ,” ಎಂದರು.

ನನ್ನ ಬಾಯಿ ನನ್ನ ಹತ್ತಿರ ಇದ್ದದ್ದು ಯಾವಾಗ! ಆದರೂ ಆ ಸಲ ಇಟ್ಟುಕೊಂಡೆ. ಯಾರಿಗೂ ಏನೂ ಹೇಳಲಿಲ್ಲ. ಹೇಳಲಿಲ್ಲ ಅಷ್ಟೇ, ಮಾಡಿ ತೋರಿಸುವುದನ್ನು ಅವರೂ ಬೇಡ ಎಂದಿರಲಿಲ್ಲ, ನನಗೂ ಹೊಳೆದಿರಲಿಲ್ಲ.

ಬ್ಯಾಚು ಮುಗಿದ ದಿನ ಒಂದು ಸಣ್ಣ ಕಾರ್ಯಕ್ರಮ ಇಟ್ಟುಕೊಂಡೆವು. ಪೇಪರಿನ ಮೇಲೆ ಖಾರ ಮಂಡಕ್ಕಿ, ಮಿರ್ಚಿ. ಮೇಷ್ಟ್ರ ಹೆಂಡತಿ, ನಮಗೆಲ್ಲ ‘ಅಮ್ಮ’, ನೇಯ್ಗೆಯ ಯಾವುದೋ ಕೆಲಸಕ್ಕೆ ಚಳ್ಳಕೆರೆಗೆ ಬಂದಿದ್ದವರು, ಜೊತೆಗೇ ಊರಿಗೆ ಹೋಗೋಣವೆಂದು ಮಹಡಿಗೆ ಬಂದರು. ಮೊಳಕಾಲ್ಮೂರಿನ ಅವರ ಮನೆಯಲ್ಲಿ ರೇಷ್ಮೆ ಸೀರೆಯ ಮಗ್ಗವಿತ್ತು, ನೇಯುತ್ತಿದ್ದವರು ಅವರೇ. ಒಳಮನೆಯಲ್ಲಿ ಕೂತಿದ್ದರೂ ಮಗ್ಗದ ಸದ್ದಿನ ಮೇಲೇ ಎಲ್ಲೋ ಎಳೆ ಹೋಗಿದೆ ಎಂದು ಹೇಳಬಲ್ಲವರು ಎಂದು ಮೇಷ್ಟ್ರೇ ಜಂಬ ಕೊಚ್ಚಿಕೊಂಡಿದ್ದರು. ಅವರಿಗೆ ಮುಂದಿನ ಕುರ್ಚಿ ಕೊಟ್ಟೆವು. ಹುಡುಗರು ನನ್ನನ್ನು ಮುಂದೆ ತಳ್ಳಿದರು.

ಕಂಡಕ್ಟರನನ್ನು ಮಾಡಿದೆ. ಬೆಂಚಿನ ಕೆಳಗೆ ನುಗ್ಗಿದ ತಳಕಿನ ಹುಡುಗನನ್ನು ಮಾಡಿದೆ. ಅವನ ಮೇಲೆ ಬಿದ್ದ ನನ್ನನ್ನೂ ಮಾಡಿದೆ. ಕೊನೆಗೆ ಮೇಷ್ಟ್ರು. ಇಲ್ಲದ ಮೆಟ್ಟಿಲು ಹತ್ತಿದೆ, ಇಲ್ಲದ ಮೀಟರಿನ ಮುಂದೆ ನಿಂತೆ, “ಇದ್ಯಾಕೋ ಜೋರಾಗಿ ತಿರುಗ್ತೈತಲ್ಲಾ,” ಎಂದೆ, ತೋಳು ಉಜ್ಜಿಕೊಂಡೆ, ಮಾತ್ರೆ ನುಂಗಿದೆ. “ಗ್ಯಾಸು ಕಣ್ರಯ್ಯಾ.” ಮಹಡಿ ಬೀಳುವಂಥ ನಗು. ಮೇಷ್ಟ್ರೂ ಮೀಟರಿನವರೆಗೆ ನಗುತ್ತಿದ್ದರು.

ಅಮ್ಮ ಮಾತ್ರ ಕೈಯಲ್ಲಿದ್ದ ಮಿರ್ಚಿಯನ್ನು ಪೇಪರಿನ ಮೇಲೆ ಇಟ್ಟರು.

“ಏನಪ್ಪಾ, ಆ ತೋಳು ಉಜ್ಜೋದು... ಅವರು ಹಂಗೆ ಮಾಡ್ತಾರೋ, ನೀನೇನಾರ ಸೇರಿಸಿದೀಯೋ?”

ನಗು ಒಂದೊಂದೇ ಕಡೆಯಿಂದ ನಿಂತಿತು. ಅವರ ಹಿಂದೆ ನಿಂತಿದ್ದ ಮೇಷ್ಟ್ರು ನನ್ನನ್ನು ನೋಡಿ ತಲೆಯಾಡಿಸಿದರು, ಬೇಡ ಎಂದು. ಸೇರಿಸಿದ್ದೇನೆ ಎಂದರೆ ಮುಗಿಯುತ್ತಿತ್ತು. ತಮಾಷೆಗೆ ಸುಳ್ಳು ಹೇಳುವುದು ನನಗೆ ಮಂಡಕ್ಕಿ ತಿಂದಷ್ಟು ಸುಲಭ. ಹೊಸ ಬ್ಯಾಚಿಗೆ ಹುಡುಗರು ಆಗಲೇ ಹೆಸರು ಬರೆಸಿದ್ದರು. ಮೇಷ್ಟ್ರು ಬೋರ್ಡಿಗೆ ಹೊಸ ಬಣ್ಣ ಕೂಡ ಹೊಡೆಸಿದ್ದರು. ಆ ಬಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ... ಆದರೆ ಅವರೇ ಹೇಳಿಕೊಟ್ಟಿದ್ದರಲ್ಲ, ಇದ್ದಷ್ಟೇ ಮಾಡಬೇಕು ಎಂದು.

“ನಾನೇನೂ ಸೇರಿಸಿಲ್ಲಮ್ಮಾ.”

“ದಿನಾ ಮಾಡ್ತಾರಾ?”

“ದಿನಾ.”

ಅವರು ಸೆರಗಿಗೆ ಕೈ ಒರೆಸಿಕೊಂಡು ಎದ್ದರು. “ಏಳ್ರಿ. ದುರ್ಗದ ಬಸ್ಸಿಗೆ ಹೋಗಾನ.”

“ಈಗಾ? ಮಿರ್ಚಿ ತಣ್ಣಗಾಗ್ತೈತೆ ಕಣೇ.”

“ಆಗ್ಲಿ.”

ಅವರು ಮುಂದೆ, ಮೇಷ್ಟ್ರು ಹಿಂದೆ, ಮೆಟ್ಟಿಲಿಳಿದರು. ನನ್ನ ಪಕ್ಕ ಹಾಯುವಾಗ ಮೇಷ್ಟ್ರು, “ಏಮಿರಾ ಇದಿ...” ಎಂದರು. ಏನೋ ಇದು, ಎಂದಷ್ಟೇ. ಬೈಗುಳ ಮುಂದೆ ಬರಲಿದೆ ಎಂದು ಕಾದೆ. ಬರಲಿಲ್ಲ.

ಚಿತ್ರದುರ್ಗದ ದೊಡ್ಡಾಸ್ಪತ್ರೆಯಿಂದ ದಾವಣಗೆರೆಗೆ ಕಳಿಸಿದರಂತೆ. ಎದೆಯದೇ ತೊಂದರೆ, ಇನ್ನಷ್ಟು ದಿನ ಮಾತ್ರೆ ನುಂಗಿಕೊಂಡು ಓಡಾಡಿದ್ದರೆ ಉಳಿಯುತ್ತಿರಲಿಲ್ಲ ಎಂದರಂತೆ ಡಾಕ್ಟರು. ಜೀವ ಉಳಿಯಿತು. ಕ್ಲಾಸು ಉಳಿಯಲಿಲ್ಲ. ಅವರು ಹೆದರಿದ್ದ ಎರಡೂ ಮಾತನ್ನು ಡಾಕ್ಟರು ಅದೇ ಕ್ರಮದಲ್ಲಿ ಹೇಳಿದ್ದರು, ಬಸ್ ಬೇಡ, ಮೆಟ್ಟಿಲು ಬೇಡ. ಹೊಸ ಬಣ್ಣದ ಬೋರ್ಡಿಗೆ ಒರಗಿಕೊಂಡು ಹಿಂಡಿ ಚೀಲಗಳು ಕೂತವು.

ಮೊಳಕಾಲ್ಮೂರಿನ ಮನೆಗೆ ನೋಡಲು ಹೋದಾಗ ಒಳಗೆ ಮಗ್ಗ ಲಟಲಟ ಎನ್ನುತ್ತಿತ್ತು. ಮೇಷ್ಟ್ರು ಮಂಚದ ಮೇಲೆ ದಿಂಬಿಗೆ ಒರಗಿದ್ದರು.

“ನಾನೂ ತಂತಿ ಹಾಕ್ಕೊಂಡಿದ್ದೆ ಕಣಲೇ. ಮಾತ್ರೆ ತಂತಿ,” ಎಂದರು.

“ನನ್ನ ಮ್ಯಾಲೆ ಸಿಟ್ಟೈತಾ ಸಾರ್?”

ಮಂಚದ ಪಟ್ಟಿಯನ್ನು ಕುಟ್ಟಿದರು. “ಹ್ಞಾ...” ಚಾವಣಿ ನೋಡಿದರು. “ಐತೆ.”

ಆಮೇಲೆ ನಕ್ಕರು. ಆದರೆ ಆ ‘ಐತೆ’ ನಗುವಿಗೆ ಮೊದಲೇ ಬಂದಿತ್ತು, ಮತ್ತು ಅದು ನಿಜವಾಗಿತ್ತು. ನನಗೆ ಅದೇ ಇಷ್ಟವಾಯಿತು. ಆಮೇಲೆ ಕೆಲವು ವರ್ಷ ಅವರು ಬದುಕಿದ್ದರು. ಅವರ ಮೇಲೆ ಯಾರೂ ಬಟ್ಟೆ ಹೊದಿಸಿ ಹೂದಾನಿ ಇಡಲಿಲ್ಲ. ಆದರೂ ಯಾರೂ ಏನೂ ಕೇಳದ ಮನೆಯಲ್ಲಿ ಆ ‘ಹ್ಞಾ...’ಕ್ಕೆ ಕೆಲಸ ಕಡಿಮೆಯಾಯಿತು. ಅದಕ್ಕೇ ನಾನು ಹೋದಾಗಲೆಲ್ಲ ಗೊತ್ತಿದ್ದದ್ದನ್ನೂ ಕೇಳುತ್ತಿದ್ದೆ, ಟೈಮೆಷ್ಟು ಸಾರ್ ಎಂದು ಕೂಡ.

ಕೊನೆಯ ಸಲ ಹೋದಾಗ ಅವರೇ, “ನನ್ನದು ಮಾಡು,” ಎಂದರು. ಕ್ಲಾಸಿನ ಮೇಷ್ಟ್ರನ್ನು ಮಾಡಿದೆ, ಗಟ್ಟಿ ದನಿ, ಮೇಜು ಕುಟ್ಟುವ ಸದ್ದು, ಎಲ್ಲ. ಕೈಯೆತ್ತಿ ನಿಲ್ಲಿಸಿದರು.

“ಅದು ಹಳೇದು. ಈಗಿಂದು ಮಾಡು.”

ನಾನು ಅಣಕಿಸಲು ಹಿಂಜರಿದದ್ದು ಬದುಕಿನಲ್ಲಿ ಅದೊಂದೇ ಸಲವೇನೋ. ಅವರು ಬಿಡಲಿಲ್ಲ, ನೋಡುತ್ತಲೇ ಇದ್ದರು. ಮಾಡಿದೆ. ಮಂಚದ ಪಟ್ಟಿಯ ಮೇಲೆ ಸದ್ದಾಗದ ಹಾಗೆ ಬೀಳುವ ಬೆರಳುಗಳು. ನಡುವೆ ಉಸಿರಿಗೆ ನಿಲ್ಲುವ ಗಿಡ್ಡ ‘ಹ್ಞಾ’. ಚಾವಣಿಯವರೆಗೆ ಹೋಗದೆ ಗೋಡೆಯಲ್ಲೇ ನಿಲ್ಲುವ ನೋಟ. ಒಳಗೆ ಮಗ್ಗ ನಿಂತಿತ್ತು. ಅವರು ಕಣ್ಣು ಮುಚ್ಚಿ, ತಲೆ ಓರೆ ಮಾಡಿ, ಹಿಂದೆ ಕೆಟ್ಟ ಸ್ಪೀಕರಿಗೆ ಕಿವಿಗೊಡುತ್ತಿದ್ದ ಹಾಗೇ ಕೇಳಿದರು.

“ಇಷ್ಟೈತಾ...”

“ಇಷ್ಟೈತೆ ಸಾರ್.”

“ಸರಿ ಐತೆ,” ಎಂದರು. ಅವರು ನನಗೆ ಕೊಟ್ಟ ಕೊನೆಯ ಮಾರ್ಕು ಅದು.

ಚಾರ್ಜರಿನ ತಂತಿ ಕಿತ್ತು, ಟ್ರಾನ್ಸಿಸ್ಟರು ಬದಲಿಸಿ, ಆ ಪುಟ್ಟ ರೆಸಿಸ್ಟರನ್ನು ಅದರ ಜಾಗದಲ್ಲಿ ಕೂರಿಸಿದೆ. ದೀಪ ಹತ್ತಿತು. ಹಿರಿಯರು ಚಾರ್ಜರನ್ನು ಟವೆಲಿನ ತುದಿಗೆ ಕಟ್ಟಿಕೊಂಡರು. ಆದರೆ ಹೊರಡಲಿಲ್ಲ.

“ಆಗಲೇ ಮಾತಾಡಿದ್ಯಲ್ಲ, ಅದು ಯಾರ ದನಿ?”

“ನಮ್ಮ ಮೇಷ್ಟ್ರದು ಕಣಜ್ಜಾ. ಅವರೀಗಿಲ್ಲ.”

“ಹಂಗೇ ಮಾತಾಡ್ತಿದ್ರಾ, ನೀನೇನಾರ ಸೇರಿಸಿದೀಯೋ?”

ಈ ಪ್ರಶ್ನೆಗೆ ಹಿಂದೊಮ್ಮೆ ನನ್ನ ಬಳಿ ಉತ್ತರವಿತ್ತು. ಈಗ... ರೆಸಿಸ್ಟರು ಕೂಡ ವರ್ಷಗಟ್ಟಲೆ ಬಿಸಿಯಾಗುತ್ತಾ ಹೋದರೆ ಅದರ ಓಮು ಚೂರು ಚೂರೇ ಏರುತ್ತದೆ, ಅದಕ್ಕೇ ಗೊತ್ತಾಗದ ಹಾಗೆ. ಆ ದನಿಯನ್ನು ಎಷ್ಟು ಕಡೆ ತೆಗೆದಿದ್ದೇನೆ, ಎಷ್ಟು ಜನರನ್ನು ನಗಿಸಿದ್ದೇನೆ. ಇದ್ದಷ್ಟೇ ಉಳಿದಿದೆಯೇ ಎಂದು ಹೋಲಿಸಿ ನೋಡಲು ಅಸಲು ಎಲ್ಲಿದೆ? ಮೊಳಕಾಲ್ಮೂರಿನಲ್ಲಿ ಅಮ್ಮ ಇದ್ದಾರೆ. ಅವರ ಎದುರು ಆ ದನಿ ತೆಗೆಯುವ ಧೈರ್ಯ ನನಗಿನ್ನೂ ಬಂದಿಲ್ಲ.

ನೋಡಿದರೆ ನನ್ನ ಎಡಗೈ ಬೆರಳುಗಳು ಮೇಜನ್ನು ಕುಟ್ಟುತ್ತಿದ್ದವು.

“ಹ್ಞಾ...” ಎಂದೆ.

ಸ್ವಲ್ಪ ಉದ್ದವಾಯಿತು ಅನ್ನಿಸಿತು. ಹೌದು, ಉದ್ದ ಆತು ಎಂದು ಹೇಳುವವರು ಇರಲಿಲ್ಲ.